ನಾಲ್ಕು ಗಂಟೆಯ ಚೀಟಿ

ನ್ಯೂಕ್ಯಾಸಲ್, ಅಮೆರಿಕ
೧೬ ಫೆಬ್ರವರಿ ೨೦೨೫, ಭಾನುವಾರ

ಪೂಜ್ಯ ವಸಂತಲಕ್ಷ್ಮಿ ಅಕ್ಕನವರಿಗೆ ಅನಂತಪದ್ಮನಾಭ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಈಚೆಗೆ ಎರಡು ಸಾಲು ಬರೆಯುವಷ್ಟರಲ್ಲಿ ಸುಸ್ತಾಗುತ್ತದೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ನಾನು ಕಿರುಚಿದರೆ ಪಕ್ಕದ ಮನೆಯ ಚೀನೀ ಅಜ್ಜಿ ಕಿಟಕಿಯಿಂದ ಇಣುಕುತ್ತಾಳೆ. ನನ್ನ ಮಂಡಿನೋವು, ಸಕ್ಕರೆ ಎರಡೂ ಇದ್ದಹಾಗೇ ಇವೆ.

ತೇಜಶ್ರೀ ಭಾನುವಾರದ ಊಟಕ್ಕೆ ತಪ್ಪದೆ ಬರುತ್ತಾಳಾ ಎಂದು ಕೇಳಿದ್ದಿರಿ. ನಾಲ್ಕು ವಾರದಿಂದ ಬಂದಿಲ್ಲ. ಇವತ್ತೂ ಎರಡು ತಟ್ಟೆ ಹಾಕಿ ಒಂದನ್ನು ಎತ್ತಿಟ್ಟೆ. ಮಗಳು ಇನ್ನು ನನ್ನನ್ನು ನಂಬುತ್ತಾಳೋ ಇಲ್ಲವೋ, ಅದೊಂದೇ ಯೋಚನೆಯಾಗಿಬಿಟ್ಟಿದೆ.

ಅವಳಿಗೆ ಹಿಮಗಡ್ಡೆ ಹತ್ತುವ ಹುಚ್ಚು ಎಂದು ಹಿಂದೆ ಬರೆದಿದ್ದೆ. ಇಲ್ಲಿ ಚಳಿಗಾಲದಲ್ಲಿ ಬೆಟ್ಟದ ಝರಿಗಳು ನಿಂತಲ್ಲೇ ಗಟ್ಟಿಯಾಗುತ್ತವೆ. ಬೂಟಿಗೆ ಕಬ್ಬಿಣದ ಹಲ್ಲು ಕಟ್ಟಿಕೊಂಡು, ಎರಡು ಕೈಯಲ್ಲಿ ಎರಡು ಸಣ್ಣ ಕೊಡಲಿ ಹಿಡಿದು ಅದನ್ನು ಹತ್ತುತ್ತಾರೆ. ಗಡ್ಡೆ ಮುಗಿದು ಬರೀ ಬಂಡೆ ಬಂದರೆ ಅದೇ ಕೊಡಲಿಯ ಮೂತಿಯನ್ನು ಬಿರುಕಿಗೆ ಸಿಕ್ಕಿಸಿ ಮೇಲೇರುವುದು. ಮಿಕ್ಸೆಡ್ ಕ್ಲೈಂಬಿಂಗ್ ಅಂತೆ. ಏನು ಸುಖವೋ.

ಸಂಕ್ರಾಂತಿ ಕಳೆದ ಶನಿವಾರ ಅವಳೂ ಅವಳ ಆಫೀಸಿನ ಮಧುವೂ ಹೊರಟರು. ಮಧು ತುಮಕೂರಿನವನು, ಒಳ್ಳೆಯ ಹುಡುಗ. ತೇಜುವಿನ ಕಾರಿನ ಟೈರು ಸವೆದಿತ್ತು. ನಾನೇ ಬಿಡುತ್ತೇನೆ ಎಂದೆ.

"ಅಂಕಲ್, ಸ್ನೋದಲ್ಲಿ ಓಡ್ಸಿದೀರಾ?" ಎಂದು ಮಧು ಕೇಳಿದ.

"ನೀನು ಹುಟ್ಟೋಕೆ ಮುಂಚಿಂದ."

"ಸುಳ್ಳು," ಎಂದಳು ತೇಜು. "ಸ್ನೋ ಬಿದ್ರೆ ಅಪ್ಪ ಕಸದ ಡಬ್ಬ ಇಡೋಕೂ ಹೊರಗೆ ಹೋಗಲ್ಲ."

ಸ್ನೊಕ್ವಾಲ್ಮಿ ಎಂಬ ಊರು ದಾಟುವವರೆಗೆ ಬರೀ ಮಳೆ. ಘಟ್ಟ ಏರುತ್ತ ಅದು ಹಿಮವಾಯಿತು. ಚಕ್ರಕ್ಕೆ ಚೈನು ಕಟ್ಟಿ ಎಂಬ ಬೋರ್ಡು ನೋಡಿ ಮಧು ರಸ್ತೆಬದಿಯಲ್ಲಿ ಮಂಡಿಯೂರಿ ಕಟ್ಟಿದ. ಕೋ-ಎಫಿಷಿಯೆಂಟ್ ಆಫ್ ಫ್ರಿಕ್ಷನ್ ಎಂದು ಹಾಸನದ ಕಾಲೇಜಿನಲ್ಲಿ ಉರು ಹೊಡೆದದ್ದು ನೆನಪಾಯಿತು. ಡೆಫಿನಿಷನ್ ಮರೆತಿದೆ. ಘರ್ಷಣೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದು ಮುಂದಿನ ತಿರುವಿನಲ್ಲಿ ತಿಳಿಯಿತು. ಕಾರು ನನ್ನ ಮಾತು ಕೇಳದೆ ನಿಧಾನವಾಗಿ ಸುತ್ತಿ, ಬಂದ ದಾರಿಗೇ ಮುಖಮಾಡಿ ನಿಂತಿತು. ಎದುರಿಗೆ ಲಾರಿ. ಒಂದು ಮಾರು ದೂರದಲ್ಲಿ ಹಾರ್ನ್ ಹೊಡೆಯುತ್ತ ದಾಟಿಹೋಯಿತು. ತೇಜು ನನ್ನ ಭುಜದ ಮೇಲೆ ಕೈಯಿಟ್ಟು, "ಏನಾಗಿಲ್ಲ ಅಪ್ಪ, ಬ್ರೇಕ್ ಬಿಡು, ಮೆಲ್ಲಗೆ ತಿರುಗ್ಸು" ಎಂದಳು. ಬೈಯಲಿಲ್ಲ.

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸುವ ಜಾಗವಿದೆ. ಅಲ್ಲಿ ಫೋನು ಸಿಗುತ್ತದೆ, ಮೇಲೆ ಸಿಗುವುದಿಲ್ಲ. ಹತ್ತುವವರು ಕೆಳಗೊಬ್ಬರ ಹತ್ತಿರ ಹೋಗುವ ಜಾಗ, ಮರಳುವ ಹೊತ್ತು ಬರೆದ ಚೀಟಿ ಕೊಟ್ಟೇ ಹೋಗುವುದು ಪದ್ಧತಿ. ಇಷ್ಟು ದಿನ ಆ ಚೀಟಿ ಅವಳ ಗೆಳತಿಗೆ ಹೋಗುತ್ತಿತ್ತು. ಆ ದಿನ ನನ್ನ ಕೈಗಿಟ್ಟಳು.

"ನಾಲ್ಕಕ್ಕೆ ಇಲ್ಲಿರ್ತೀವಿ. ಬರ್ಲಿಲ್ಲ ಅಂದ್ರೆ ತಕ್ಷಣ 911ಗೆ ಕಾಲ್ ಮಾಡು. ಯೋಚ್ನೆ ಮಾಡ್ಬೇಡ, ಕಾಯ್ಬೇಡ. ಪ್ರಾಮಿಸ್?"

"ಪ್ರಾಮಿಸ್ ಕಣಮ್ಮ."

911 ಎಂದರೆ ಇಲ್ಲಿ ಅಪಾಯದಲ್ಲಿ ಪೊಲೀಸು, ಆಂಬುಲೆನ್ಸು ಕರೆಯುವ ನಂಬರು. ಅವರು ಹತ್ತಿಹೋದ ಮೇಲೆ ಕಾರಿನಲ್ಲೇ ಕೂತು ಪುಳಿಯೋಗರೆ ತಿಂದೆ, ಸ್ವಲ್ಪ ತೂಕಡಿಸಿದೆ. ನಾಲ್ಕಾಯಿತು. ಅವರು ಬರಲಿಲ್ಲ. ಫೋನು ಕೈಗೆತ್ತಿಕೊಂಡೆ. ಏನೆಂದು ಹೇಳುವುದು? ಇಪ್ಪತ್ತಮೂರು ವರ್ಷ ವಿಮಾನದ ಬಿಡಿಭಾಗದ ಗೋದಾಮಿನಲ್ಲಿ ಯೆಸ್, ನೋ, ಓಕೆಯಲ್ಲೇ ಕಾಲ ಕಳೆದವನು ನಾನು. ಮನಸ್ಸಿನಲ್ಲಿ ಜೋಡಿಸಿಕೊಂಡೆ: ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್ ಮೈ ಡಾಟರ್... ರಜಾ ಅರ್ಜಿಯಂತೆ ಕೇಳಿಸಿತು. ಇನ್ನು ಹತ್ತು ನಿಮಿಷದಲ್ಲಿ ನಗುತ್ತ ಬಂದುಬಿಟ್ಟರೆ? ಅಷ್ಟು ಜನರನ್ನು ಹಿಮದಲ್ಲಿ ಓಡಾಡಿಸಿದಂತಾಗುತ್ತದೆ. ಹತ್ತು ನಿಮಿಷ ನೋಡೋಣ ಎಂದುಕೊಂಡೆ. ಆಮೇಲೆ ಇನ್ನೊಂದು ಹತ್ತು. ಬೆಳಕು ಇಳಿಯುತ್ತಿತ್ತು. ಒಂಬತ್ತು ಒಂದು ಎಂದು ಒತ್ತಿ ಅಳಿಸಿದೆ, ಎರಡು ಸಲ.

ಐದೂವರೆಗೆ ಮರಗಳ ನಡುವೆ ತಲೆದೀಪದ ಬೆಳಕು ಕಂಡಿತು. ತೇಜು ಮಧುವನ್ನು ಹೆಗಲಿಗೆ ಆನಿಸಿಕೊಂಡು ಎಳೆದು ತರುತ್ತಿದ್ದಳು. ಮೇಲಿಂದ ಗಡ್ಡೆಯ ಚೂರು ಬಿದ್ದು ಅವನ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ತುಟಿ ನೀಲಿ. ಅವಳು ಸುತ್ತ ನೋಡಿದಳು. ಬೇರೆ ಗಾಡಿಯಿಲ್ಲ, ಜನರಿಲ್ಲ.

"ಅವ್ರೆಲ್ಲಿ?"

"ಯಾರಮ್ಮ?"

"ಕಾಲ್ ಮಾಡ್ಲಿಲ್ವಾ?"

"ಇನ್ನೇನು ಮಾಡೋನಿದ್ದೆ..."

"ನಾಲ್ಕರಿಂದ ಬಂಡೆ ಕೆಳಗೆ ಕೂತಿದ್ವಿ ಅಪ್ಪ. ಮುಕ್ಕಾಲು ಗಂಟೆ. ಅವನ ಕಾಲು ಅಲ್ಲಾಡಿಸ್ಬಾರ್ದು ಅಂತ. ಅಪ್ಪ ಕಾಲ್ ಮಾಡಿರ್ತಾರೆ, ಬಂದೇ ಬರ್ತಾರೆ ಅಂತ ಅವನಿಗೆ ಹೇಳ್ತಾನೇ ಇದ್ದೆ."

ಮಧು ಆ ನೋವಿನಲ್ಲೂ, "ಬಿಡು ತೇಜು, ಅಂಕಲ್‌ಗೆ ಗೊತ್ತಾಗಿಲ್ಲ" ಎಂದ.

"ಗೊತ್ತಿತ್ತು ಮಧು."

ವಾಪಸು ಅವಳೇ ಕಾರು ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಅವನ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತೆ. ಪ್ರತಿ ತಿರುವಿನಲ್ಲೂ ಅವನು ಹಲ್ಲು ಕಚ್ಚುತ್ತಿದ್ದ. ಅವನಿಗೆ ಆಪರೇಷನ್ ಆಗಿದೆ, ಏಪ್ರಿಲ್ ಹೊತ್ತಿಗೆ ನಡೆಯುತ್ತಾನಂತೆ. ಸಾರು ಮಾಡಿಕೊಂಡು ಹೋಗಿದ್ದೆ. "ಅಂಕಲ್, ಉಪ್ಪು ಜಾಸ್ತಿ" ಎಂದು ನಕ್ಕ. ತೇಜು ಮೊನ್ನೆ ಮತ್ತೆ ಬೆಟ್ಟಕ್ಕೆ ಹೋಗಿದ್ದಳೆಂದು ಅವನಿಂದಲೇ ತಿಳಿಯಿತು. ಚೀಟಿ ಯಾರಿಗೆ ಕೊಟ್ಟಳು ಎಂದು ಕೇಳುವ ಧೈರ್ಯವಾಗಲಿಲ್ಲ. ನಾನು ಫೋನು ಮಾಡಿದರೆ ಎತ್ತುವುದಿಲ್ಲ. "ಬ್ಯುಸಿ, ಊಟ ಮಾಡು" ಎಂದು ಮೆಸೇಜು ಬರುತ್ತದೆ.

ನೀವು ಹಿರಿಯರು, ನಿಮ್ಮ ಆಶೀರ್ವಾದ ಅವಳ ಮೇಲಿರಲಿ. ಸುನಿಲನಿಗೂ ಸೊಸೆಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡಿ.

ನಿಮ್ಮ
ಅನಂತಪದ್ಮನಾಭ

ವಿ.ಸೂ.: ಇದನ್ನು ನೀವೊಬ್ಬರೇ ಓದಿ, ಸುನಿಲನ ಕೈಯಲ್ಲಿ ಓದಿಸಬೇಡಿ. ಆಸ್ಪತ್ರೆಯ ಬೆಂಚಿನ ಮೇಲೆ ತೇಜು, "ಅಮ್ಮ ಹೋದ ದಿನಾನೂ ಹೀಗೇ ಕಾದ್ಯಾ?" ಎಂದು ಕೇಳಿದಳು. ಹೌದು ಎಂದೆ. ನಿಮ್ಮ ತಂಗಿ ಊಟವಾಗಿ ಮಲಗಿದವಳು ಏಳಲೇ ಇಲ್ಲ, ನೋವೇ ತಿನ್ನಲಿಲ್ಲ ಎಂದು ಮೂರು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ನಿಜವಲ್ಲ ಅಕ್ಕ. ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಭಾಮಾ ಎದೆ ಭಾರ, ಆಂಬುಲೆನ್ಸ್ ಕರೀರಿ ಎಂದಳು. ಎದುರು ಮನೆಯಲ್ಲಿ ಮಗುವಿನ ಬರ್ತ್‌ಡೇ, ಬೀದಿ ತುಂಬ ಜನ. ಗ್ಯಾಸ್ ಇರಬೇಕು, ಸ್ವಲ್ಪ ನೋಡೋಣ ಎಂದು ಮಜ್ಜಿಗೆಗೆ ಇಂಗು ಹಾಕಿ ಕೊಟ್ಟೆ. ಕುಡಿದಳು. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ. ಕಡಿಮೆಯಾಯಿತೆಂದುಕೊಂಡು ನಾನು ಟಿವಿಯ ಸದ್ದು ತಗ್ಗಿಸಿ ನೋಡುತ್ತ ಕೂತಿದ್ದೆ.