ಮನಸ್ಸು ಓದುವವನ ಹಾಳೆ

ಮಾರ್ಚ್ 2, ಶನಿವಾರ. ಮಧ್ಯಾಹ್ನ, ಅಂಗಡಿ

ಲೆನ್ಸ್ ಉಜ್ಜುವ ಯಂತ್ರ ಓಡುತ್ತಿದೆ. ಮಾಲೀಕರು ಊಟಕ್ಕೆ ಹೋದರು. ಕನ್ನಡಕದ ಡಬ್ಬಿಗಳ ಮಧ್ಯೆ ಹಾಳೆ ಹರಡಿಕೊಂಡು ಭಾನುವಾರ ಡೈಸ್ ಉರುಳಿಸಿ ಕತೆ ಕಟ್ಟುವ ಆಟದ ನನ್ನ ಪಾತ್ರವನ್ನು ಮತ್ತೆ ತಿದ್ದಿದೆ. ಸೈಯಾನಿಕ್ — ಮನಶ್ಶಕ್ತಿಯವನು. ಬುದ್ಧಿಗೆ ಹದಿನೆಂಟು ಪಾಯಿಂಟ್, ಮಾತಿಗೆ ಎಂಟು. ತಲೆಯೊಳಗೇ ಇಳಿಯಬಹುದಾದರೆ ಮಾತು ಯಾಕೆ? ಈ ಲೆವೆಲ್‌ಗೆ 'ಮನ ಓದು' ಪವರ್ ಸಿಕ್ಕಿದೆ. ಇನ್ನೆರಡು ಜೋಡಿಸಿದರೆ ಸೋಲೇ ಇಲ್ಲ.

ಆಟ ನಡೆಸುವ ಟೀಚರಮ್ಮ ಕಳೆದ ವಾರ ಹಾಳೆ ನೋಡಿ, "ಲೆಕ್ಕ ಚೆನ್ನಾಗಿದೆ ಕಣಪ್ಪ. ಇವನು ಯಾರು ಅಂತ್ಲೇ ಬರ್ದಿಲ್ವಲ್ಲ?" ಅಂದರು. ಹೆಸರಿನ ಜಾಗ ಇನ್ನೂ ಖಾಲಿ. ನೋಡೋಣ...

ತಂಗಿಯೂ ಆಡಲು ಬರುತ್ತಾಳೆ. ಅವಳದು ದೋಣಿ ನಡೆಸುವವಳ ಪಾತ್ರ. ಪಾಯಿಂಟ್ ನೋಡಿದರೆ ಅಯ್ಯೋ ಪಾಪ, ಕತೆ ಮಾತ್ರ ಎರಡು ಪುಟ. ಅವಳಿಗೆ ಮಾತು ತಡೆಯುತ್ತದೆ. ತಡೆದಾಗ ನಾನೇ ಮುಗಿಸಿಕೊಡುತ್ತೇನೆ. ಟೈಮ್ ಉಳಿಯುತ್ತದೆ.

ಮಾರ್ಚ್ 3, ಭಾನುವಾರ. ಸಂಜೆ ಆರು

ಏನು ಮಾಡಿಬಿಟ್ಟೆ.

ಆಟದಲ್ಲಿ ತಂಗಿಯ ದೋಣಿಯವಳು ನಮ್ಮನ್ನು ಹೊಳೆ ದಾಟಿಸುವುದಿಲ್ಲ ಅಂದಳು. "ಯಾ... ಯಾಕಂದ್ರೆ..." ಎಲ್ಲರೂ ಕಾದರು. ನಾನು ಕಾಯಲಿಲ್ಲ. 'ಮನ ಓದು' ಅಂತ ಕೂಗಿ ಇಪ್ಪತ್ತು ಮುಖದ ಡೈಸ್ ಉರುಳಿಸಿದೆ. ಹತ್ತೊಂಬತ್ತು!

ಪ್ರತಿ ಪಾತ್ರದ ಗುಟ್ಟನ್ನೂ ಆಡುವವರೇ ಚೀಟಿಯಲ್ಲಿ ಬರೆದು ಟೀಚರಮ್ಮನ ಡಬ್ಬಿಗೆ ಹಾಕಿರುತ್ತಾರೆ; 'ಮನ ಓದು' ಗೆದ್ದವನು ಅದನ್ನು ಓದಬಹುದು.

"ಬೇಡ ಬಿಡಪ್ಪ, ಅವಳೇ ಹೇಳ್ತಾಳೆ."

"ರೂಲ್ ಅಂದ್ರೆ ರೂಲ್, ಮೇಡಂ." ರೂಲ್ ಪುಸ್ತಕದ ಪುಟ ತೆಗೆದು ತೋರಿಸಿದೆ. ಚೀಟಿ ಕೊಟ್ಟರು. ಗೆದ್ದ ಹುರುಪಿನಲ್ಲಿ ಜೋರಾಗಿ ಓದಿದೆ.

'ಇವಳಿಗೊಬ್ಬ ಅಣ್ಣ. ಇವಳು ಬಾಯಿ ತೆರೆದರೆ ಮಿಕ್ಕಿದ್ದನ್ನು ಅವನೇ ಹೇಳುತ್ತಾನೆ. ಎಷ್ಟೋ ಸಲ ತಪ್ಪು ಹೇಳುತ್ತಾನೆ. ಅದಕ್ಕೇ ಮನೆ ಬಿಟ್ಟು ದೋಣಿ ಹತ್ತಿದಳು.'

ಯಾರೂ ಡೈಸ್ ಮುಟ್ಟಲಿಲ್ಲ. ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ನಾಚಿಕೆಗೆ ಕಿವಿ ಈಗಲೂ ಸುಡುತ್ತಿದೆ. ನೆಲ ಬಾಯಿ ಬಿಡಬಾರದಿತ್ತೇ.

ಮಾರ್ಚ್ 6. ತಿಂಡಿ ಹೊತ್ತು

ಅಮ್ಮ ಅವಳನ್ನು ಕೇಳಿದರು, "ಯಾಕೇ, ಇನ್ಮೇಲೆ ಆಟಕ್ಕೆ ಹೋಗಲ್ವಂತೆ?" ತಂಗಿ ಬಾಯಿ ತೆರೆದಳು. ನಾನು — "ಅವಳಿಗೆ ಓದೋದಿದೆ ಅಮ್ಮ."

ಹುಟ್ಟುಗುಣ ಸುಟ್ಟರೂ ಹೋಗದು. ತಟ್ಟೆ ಎತ್ತಿಕೊಂಡು ಎದ್ದು ಹೋದಳು. ನನ್ನ ಮುಖಕ್ಕಿಷ್ಟು.

ಮಾರ್ಚ್ 17, ಭಾನುವಾರ. ಬೆಳಿಗ್ಗೆ

'ಮನ ಓದು' ಅಳಿಸಿದೆ. ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಹೆಸರಿನ ಜಾಗದಲ್ಲಿ 'ದೋಣಿಯವಳ ಅಣ್ಣ' ಅಂತ ಬರೆದೆ. ಅವಳ ಕೋಣೆ ಬಾಗಿಲಲ್ಲಿ ನಿಂತು ಹಾಳೆ ಚಾಚಿದೆ.

"ತಪ್ಪಾಯ್ತು ಕಣೇ. ಇವತ್ತು ಬರ್ತೀಯಾ?"

ಓದಿದಳು. ತೂತಿನೊಳಗಿಂದ ನನ್ನನ್ನು ನೋಡಿದಳು. ನಗಲಿಲ್ಲ. ಚಪ್ಪಲಿ ಹುಡುಕಿದಳು.

ಅದೇ ದಿನ, ಸಂಜೆ

ಹೊಳೆ ದಂಡೆಯಿಂದಲೇ ಆಟ ಶುರು. "ಯಾ... ಯಾಕಂದ್ರೆ..." ಅಂದಳು. ಮಿಕ್ಕಿದ್ದು ನನ್ನ ನಾಲಿಗೆ ತುದಿಗೆ ಬಂದಿತ್ತು. ಕೈಯಲ್ಲಿದ್ದ ಡೈಸ್ ಒತ್ತಿ ಹಿಡಿದೆ. ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಹಾಕಿತು. ಇನ್ನರ್ಧ ಸುತ್ತು. ಕೊನೆಗೂ ಹೇಳಿದಳು, ಪೂರ್ತಿ. ಚೀಟಿಯಲ್ಲಿ ಇದ್ದದ್ದಲ್ಲ. ನಾನು ಊಹಿಸಿದ್ದಂತೂ ಅಲ್ಲವೇ ಅಲ್ಲ. ಅವಳು ಹೇಳಿದ್ದು —

ಬೇಡ. ಇದನ್ನೂ ನಾನೇ ಹೇಳಿಬಿಟ್ಟರೆ...