ಇಪ್ಪತ್ತೇಳನೇ ನಂಬರಿನ ಮನೆಗೆ ಫೋನು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಹಡಗಿನ ಅಡುಗೆಮನೆಯ ಸೆಕೆಯಲ್ಲಿ ನಿಂತು ನಿಂತು ಇನ್ನೂ ಸೊರಗಿದ್ದೀಯೋ ಏನೋ. ಅಷ್ಟು ಜನಕ್ಕೆ ಬೇಯಿಸಿ ಹಾಕುವವನು ತಾನು ಮಾತ್ರ ನಿಂತುಕೊಂಡೇ ಎರಡು ತುತ್ತು ತಿಂದು ಮುಗಿಸುತ್ತಾನೆ ಎಂದು ಅಮ್ಮ ದಿನಾ ಗೊಣಗುತ್ತಾಳೆ. ಫೋನು ಬಿಟ್ಟು ಕಾಗದ ಏಕೆ ಬರೆಯುತ್ತಿದ್ದೇನೆ ಗೊತ್ತಾ? ಅಪ್ಪನ ಮಾತೆತ್ತಿದರೆ ಸಾಕು, 'ಸಿಗ್ನಲ್ ಇಲ್ಲ ಅಕ್ಕ' ಎಂದು ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ನೆಪ ನಡೆಯುವುದಿಲ್ಲ.

ಅಪ್ಪನ ತಲೆಯೊಳಗೆ ರಕ್ತನಾಳ ಒಡೆದು ಈ ತಿಂಗಳಿಗೆ ಎರಡು ವರ್ಷ. ಆಗ ನಿನ್ನ ಹಡಗು ನಡುಸಮುದ್ರದಲ್ಲಿತ್ತು, ಒಪ್ಪಿದೆ. ಆಮೇಲೂ ನೀನು ಬರಲಿಲ್ಲ. ನಲವತ್ತು ವರ್ಷ ಅಂಗಡಿಯಲ್ಲಿ ಕತ್ತರಿ ಹಿಡಿದ ಬಲಗೈ ಈಗ ಮಡಿಲಲ್ಲಿ ಇಟ್ಟಲ್ಲೇ ಇರುತ್ತದೆ. ಮಾತೆಲ್ಲ ಹೋಗಿ ಒಂದೇ ಪದ ಉಳಿದಿದೆ, 'ಗುಂಡಿ'. ಚಮಚವೂ ಗುಂಡಿ, ಮಾತ್ರೆಯೂ ಗುಂಡಿ, ನಾನೂ ಗುಂಡಿಯೇ. ಟೈಲರ್‌ಗೆ ತಕ್ಕ ಪದವೇ ಉಳಿಯಿತು ಎಂದು ಅಮ್ಮ ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ. 'ಅಪ್ಪ ಸುಧಾರಿಸುತ್ತಿದ್ದಾರೆ' ಎಂದು ಪ್ರತಿ ಸಲ ನಿನಗೆ ಹೇಳಿದೆನಲ್ಲ, ಅದೆಲ್ಲ ಸುಳ್ಳು. ನೀನು ನೆಮ್ಮದಿಯಾಗಿರಲಿ ಎಂದು ಹೇಳಿದೆ. ನೆಮ್ಮದಿ ಸ್ವಲ್ಪ ಹೆಚ್ಚೇ ಆಯಿತು ಎನ್ನಿಸುತ್ತದೆ, ನೀನು ಎರಡು ಸಲ ರಜೆ ಮುಂದಕ್ಕೆ ಹಾಕಿದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ದಿನವಿಡೀ ಜನರ ರಕ್ತ ತೆಗೆಯುವುದು. ಅದರ ಜೊತೆ ಇನ್ನೊಂದಿದೆ, ನಿನಗೆ ಹೇಳಿರಲಿಲ್ಲ. ಮೆದುಳಿನಲ್ಲಿ ರಕ್ತ ಸೋರಿ ಬಂದವರಿಂದ ಮೊದಲ ದಿನವೇ ಒಂದು ಟ್ಯೂಬ್ ಹೆಚ್ಚಿಗೆ ತೆಗೆದು, ಹೆಸರಿನ ಬದಲು ನಂಬರು ಅಂಟಿಸಿ ಫ್ರೀಜರಿನಲ್ಲಿಡುತ್ತೇವೆ. ಅವತ್ತಿನ ರಕ್ತದಲ್ಲಿ ಯಾವ ಅಂಶ ಏರಿದ್ದವರು ಎಷ್ಟು ವರ್ಷ ಬದುಕುತ್ತಾರೆ ಎಂದು ಮುಂದೆ ಹೋಲಿಸಿ ನೋಡುವುದಕ್ಕೆ. ವರ್ಷಕ್ಕೊಮ್ಮೆ ನಾನು ಆ ಮನೆಗಳಿಗೆ ಫೋನು ಮಾಡಿ, ಇದ್ದಾರೋ ಇಲ್ಲವೋ ವಿಚಾರಿಸಿ, ಪಟ್ಟಿಯಲ್ಲಿ ಗುರುತು ಹಾಕಬೇಕು. ಎತ್ತಿದವರು 'ಹಲೋ' ಎನ್ನುವ ದನಿಯಲ್ಲೇ ನನಗೆ ಅರ್ಧ ತಿಳಿದುಹೋಗುತ್ತದೆ. ಅಪ್ಪ ಇಪ್ಪತ್ತೇಳನೇ ನಂಬರು. ಆ ಲೇಬಲ್ ಅಂಟಿಸಿದವಳು ನಾನೇ, ಸೊಟ್ಟಗೆ ಅಂಟಿತ್ತು.

ಹೋದ ವರ್ಷ ಫೋನು ಮಾಡದೆಯೇ ಅವರ ನಂಬರಿನ ಮುಂದೆ 'ಇದ್ದಾರೆ' ಎಂದು ಬರೆದಿದ್ದೆ. ಬೆಳಗ್ಗೆ ತಾನೇ ಹಾಲು ಕುಡಿಸಿ ಬಂದವಳು, ಮತ್ತೇನು ಕೇಳುವುದು? ಈ ಸಲ, ಈ ಪಟ್ಟಿಯ ಕೆಲಸ ನಡೆಸುವ ಡಾಕ್ಟರಮ್ಮ ಅದನ್ನು ಹಿಡಿದರು, ಫೋನು ಮಾಡಿದ ವೇಳೆಯ ಕಾಲಂ ಖಾಲಿ ಇತ್ತಲ್ಲ. 'ಗೊತ್ತಿರೋದನ್ನ ಬರೀಬೇಡ, ಕೇಳಿದ್ದನ್ನ ಬರಿ' ಎಂದರು. ಸರಿ, ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಮನೆಗೇ ಫೋನು ಮಾಡಿದೆ. ಅಮ್ಮ ಎತ್ತುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳಂತೆ. ಅಪ್ಪನೇ ಎಡಗೈಯಲ್ಲಿ ಎತ್ತಿಕೊಂಡರು. ಬರೀ ಉಸಿರಿನ ಸದ್ದು. ಡಾಕ್ಟರಮ್ಮ ಪಕ್ಕದಲ್ಲೇ ನಿಂತಿದ್ದರು, ಇಡುವ ಹಾಗಿಲ್ಲ. ಯಾರೋ ಗುರುತಿಲ್ಲದವಳ ಹಾಗೆ 'ಆಸ್ಪತ್ರೆಯಿಂದ ಮಾತಾಡ್ತಿರೋದು, ಹೇಗಿದ್ದೀರಿ' ಎಂದೆ. 'ಗುಂಡಿ' ಎಂದರು. ನಡೆದಾಡ್ತೀರಾ ಎಂದರೆ ಗುಂಡಿ, ಊಟ ಸೇರುತ್ತಾ ಎಂದರೆ ಗುಂಡಿ. ಬೇರೆ ಏನಾದರೂ ಹೇಳೋದಿದೆಯಾ ಎಂಬುದು ಪಟ್ಟಿಯ ಕೊನೆಯ ಪ್ರಶ್ನೆ. ಅದಕ್ಕೆ ಸ್ಪಷ್ಟವಾಗಿ 'ಕುಳ್ಳ' ಎಂದರು. ಆರಡಿ ಬೆಳೆದ ಮೇಲೂ ನಿನ್ನನ್ನು ಹಾಗೇ ಕರೆಯುತ್ತಿದ್ದರಲ್ಲ. ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಎರಡನೇ ಪದ ಅದು. ಪಟ್ಟಿಯಲ್ಲಿ ಗುರುತು ಹಾಕಿ, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ.

ಗಿರಾಕಿಯ ಕೋಟಿನ ಬಟ್ಟೆಯನ್ನು ನೀನು ತಪ್ಪಾಗಿ ಕತ್ತರಿಸಿದ ದಿನ ಅಪ್ಪ ಎಲ್ಲರೆದುರು 'ನಿನ್ನ ಕೈಗೆ ಕತ್ತರಿ ಕೊಟ್ಟಿದ್ದೇ ನನ್ನ ತಪ್ಪು' ಎಂದುಬಿಟ್ಟರು. ಆ ಮಾತನ್ನು ನಾಲ್ಕು ವರ್ಷದಿಂದ ಹೊತ್ತು ತಿರುಗುತ್ತಿದ್ದೀಯ. ಅವರೂ ಹೊತ್ತಿದ್ದಾರೆ ಕಣೋ. ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಈಗ ಅವರ ಹತ್ತಿರ ಮಾತೇ ಇಲ್ಲ. ನನಗೆ ನಿನ್ನ ಮೇಲೂ ಸಿಟ್ಟಿದೆ, ಅವರ ಮೇಲೂ ಇದೆ. ಇಬ್ಬರದೂ ಒಂದೇ ಹಟ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಕೂತುಕೊಂಡು ಊಟ ಮಾಡು ಎನ್ನುತ್ತಿದ್ದಾಳೆ. ಮೈ ಕಡೆ ಗಮನವಿರಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮುಂಚೆ: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಶುಕ್ರವಾರ ಟ್ಯೂಬುಗಳ ಫಲಿತಾಂಶ ಬಂತು. ಸೊಟ್ಟ ಲೇಬಲಿನದು ಆ ಅಂಶ ತೀರಾ ಏರಿದ್ದವರ ಸಾಲಿನಲ್ಲಿದೆ. ಆ ಸಾಲಿನಲ್ಲಿ ಅಪ್ಪನಿಗಿಂತ ವರ್ಷಗಟ್ಟಲೆ ಮೊದಲು ಸೇರಿದ ಹನ್ನೊಂದು ಮನೆಗಳಿಗೂ ಫೋನು ಮಾಡಿದವಳು ನಾನೇ, ಮೂರನೇ ವರ್ಷ ದಾಟಿದವರು ಇಬ್ಬರು. ಅಪ್ಪನಿಗೆ ಈಗ ಮೂರನೆಯದು ಶುರು. 'ಅದು ಗುಂಪಿನ ಲೆಕ್ಕ ಕಣಮ್ಮ, ಒಬ್ಬರ ಹಣೆಬರಹ ಅಲ್ಲ' ಎಂದರು ಡಾಕ್ಟರಮ್ಮ. ಇರಬಹುದು. ನೀನು ಮಾತ್ರ ರಜೆ ಮುಂದಕ್ಕೆ ಹಾಕಬೇಡ. ಅವತ್ತು ಫೋನು ಇಡುವ ಮುಂಚೆ 'ಕುಳ್ಳ ಮುಂದಿನ ತಿಂಗಳು ಬರ್ತಾನೆ' ಎಂದುಬಿಟ್ಟೆ. ಅವತ್ತಿನಿಂದ ಅಪ್ಪ ಬಾಗಿಲ ಕಡೆ ಮುಖ ಮಾಡಿಸಿಕೊಂಡು ಕೂರುತ್ತಾರೆ, ಮಡಿಲಲ್ಲಿ ಅಂಗಡಿಯ ದೊಡ್ಡ ಕತ್ತರಿ. ಅಮ್ಮ ತೆಗೆದಿಡಲು ಹೋದರೆ ಎಡಗೈಯಲ್ಲಿ ಬಿಗಿಯಾಗಿ ಹಿಡಿದು 'ಕುಳ್ಳ' ಎನ್ನುತ್ತಾರೆ.