ಅಮ್ಮ ಬೇಡವೆಂದ ಪ್ರಸಾದ

ತಾರೀಕು ೧೨, ಗುರುವಾರ

ಇಸ್ತ್ರಿ ಚಿಕ್ಕಮ್ಮನಿಗೆ,

‘ಪ್ರೀತಿಯ’ ಅಂತ ಶುರು ಮಾಡಬೇಕು, ಕೈ ಬರುತ್ತಿಲ್ಲ. ಕ್ಷೇಮ ಕೇಳುವ ಮನಸ್ಸೂ ಇಲ್ಲ.

ಚರ್ಚಿನಲ್ಲಿ ಗಂಟೆ ಹೊಡೆಯುವ ತಾತನ ಕೈಯಲ್ಲಿ ನಿಮ್ಮ ಚೀಟಿ ನಿನ್ನೆ ಬಂತು. ‘ನನಗ್ಯಾಕೆ ಒಂದು ಮಾತು ಹೇಳಲಿಲ್ಲ’ ಅಂತ ಒಂದೇ ಸಾಲು. ಕೇಳೋಕೆ ನಿಮಗೆ ಬಾಯಾದರೂ ಹೇಗೆ ಬಂತು? ಎರಡು ಬೀದಿ ಆಚೆ ಇರೋರು ನೀವು. ನಮ್ಮ ಮನೆಗೆ ಡಾಕ್ಟರು ಓಡಾಡಿದ್ದು ಹಾಲಿನವಳಿಗೂ ಗೊತ್ತು. ನಲವತ್ತು ವರ್ಷದ ಗೆಳತಿಯನ್ನು ನೋಡೋಕೆ ಕರೆಯೋಲೆ ಬೇಕಿತ್ತಾ? ಅಮ್ಮನನ್ನು ಮಣ್ಣು ಮಾಡಿದ ದಿನ ಗೇಟಿನವರೆಗೆ ಬಂದು, ಒಳಗೆ ಕಾಲಿಡದೆ ತಿರುಗಿ ಹೋದಿರಿ. ಅದನ್ನೂ ನೋಡಿದೆ.

ಅಮ್ಮ ನಿಮಗೆ ಏನು ಕಡಿಮೆ ಮಾಡಿದ್ದಳು ಹೇಳಿ. ಚಿಕ್ಕಪ್ಪ ತೀರಿಕೊಂಡಾಗ ನೀವು ಹಾಸಿಗೆ ಹಿಡಿದಿರಿ. ಅಂಗಡಿ ಮುಚ್ಚಬಾರದು ಅಂತ ಅಮ್ಮ ಒಂದು ತಿಂಗಳು ನಿಮ್ಮ ಮೇಜಿನ ಮುಂದೆ ನಿಂತು ಇಸ್ತ್ರಿ ಹಾಕಿದಳು. ಮೂರು ಅಂಗಿ ಸುಟ್ಟಳು. ಅಂಗಿಯವರ ಮನೆಗೆ ಹೋಗಿ ಕ್ಷಮೆ ಕೇಳಿ, ‘ನಿಮಗಾಗಿ ಜಪಸರ ಹೇಳ್ತೀನಿ’ ಅಂತ ಸಮಾಧಾನ ಮಾಡಿ ಬಂದಳು. ಒಬ್ಬ ವಕೀಲರು, ಜಪಸರ ತೊಟ್ಟುಕೊಂಡು ಕೋರ್ಟಿಗೆ ಹೋಗಲಾ ಅಂದರಂತೆ. ಅದನ್ನು ಹೇಳಿಕೊಂಡು ಅವಳು ವರ್ಷಗಟ್ಟಲೆ ನಕ್ಕಳು. ಸಂಜೆಯ ಪ್ರಾರ್ಥನೆಯಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ ಅನ್ನುವ ನಿಮ್ಮ ಹೆಸರು ಮೊದಲು, ಹೊಟ್ಟೆಯಲ್ಲಿ ಹುಟ್ಟಿದ ನನ್ನ ಹೆಸರು ಆಮೇಲೆ. ಚಿಕ್ಕವಳಿದ್ದಾಗ ಅದಕ್ಕೆ ಅತ್ತಿದ್ದೇನೆ.

ಅವಳ ನೇಮ ನಿಮಗೆ ಗೊತ್ತಿತ್ತು. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ರಾಜಿಯಾಗುವವರೆಗೂ ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದ ಮುಟ್ಟುತ್ತಿರಲಿಲ್ಲ. ಭಾನುವಾರ ಎಲ್ಲರೂ ಸಾಲಿನಲ್ಲಿ ಹೋದಾಗ ಅಮ್ಮ ಬೆಂಚಿನಲ್ಲೇ ಕೂತಿದ್ದರೆ, ಓಹೋ, ಇಸ್ತ್ರಿಯವರ ಜೊತೆ ಜಗಳ ಅಂತ ಚರ್ಚಿಗೆಲ್ಲ ತಿಳಿಯುತ್ತಿತ್ತು. ಪೂಜೆ ಮುಗಿದದ್ದೇ ನಿಮ್ಮ ಅಂಗಡಿಗೆ ಓಡಿ, ರಾಜಿಯಾಗಿ, ಸಂಜೆಯ ಪೂಜೆಗೆ ಇನ್ನೊಮ್ಮೆ ಹೋಗುತ್ತಿದ್ದಳು.

ಈ ಸಲ ಜಗಳ ನನ್ನ ದೆಸೆಯಿಂದ. ಅಮ್ಮ ಒಗೆದು ತಂದಿದ್ದ ಚರ್ಚಿನ ಪೀಠದ ಬಟ್ಟೆಗೆ ಇಸ್ತ್ರಿಗೆ ಮೊದಲು ನೀರು ಚಿಮುಕಿಸುತ್ತಾ ನೀವು ಅಂದಿರಿ, ನಿನ್ನ ಮಗಳು ನಿನ್ನನ್ನ ಸಂಬಳವಿಲ್ಲದ ಆಳು ಮಾಡಿಕೊಂಡಿದ್ದಾಳೆ ಅಂತ. ನನ್ನ ಮಗಳ ಸುದ್ದಿಗೆ ಬರಬೇಡ ಅಂದು ಅಮ್ಮ ಒದ್ದೆ ಬಟ್ಟೆಯನ್ನೇ ಎತ್ತಿಕೊಂಡು ಮನೆಗೆ ಬಂದಳು. ನಾನು ಔಷಧಿ ಅಂಗಡಿಯಲ್ಲಿ ಹತ್ತು ಗಂಟೆ ನಿಂತು ದುಡಿಯುವವಳು. ಅಜ್ಜಿ ಮೊಮ್ಮಕ್ಕಳನ್ನು ನೋಡಿಕೊಂಡರೆ, ನಾಲ್ಕು ಬಟ್ಟೆ ಒಗೆದರೆ ಅದು ಆಳಿನ ಕೆಲಸವಾ? ನಿಮಗೆ ಮಕ್ಕಳಿಲ್ಲ. ನಿಮಗೇನು ಗೊತ್ತು?

ಐದು ಭಾನುವಾರ ಅವಳು ಬೆಂಚಿನಲ್ಲೇ ಕೂತಳು. ಆಮೇಲೆ ಎದೆಯಲ್ಲಿ ನೀರು ತುಂಬಿ ಮಲಗಿದಳು. ಫಾದರ್ ಮನೆಗೆ ಬಂದರು. ಕಾಯಿಲೆಯವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿಸಿಕೊಂಡಳು, ಪ್ರಸಾದಕ್ಕೆ ಮಾತ್ರ ಬಾಯಿ ತೆರೆಯಲಿಲ್ಲ. ಮನಸ್ಸಿನಲ್ಲೇ ಕ್ಷಮಿಸಿದರೆ ಸಾಕು ತಾಯಿ, ದೇವರಿಗೆ ಗೊತ್ತಾಗುತ್ತೆ ಅಂತ ಅವರು ಎಷ್ಟೋ ಹೇಳಿದರು.

“ದೇವರಿಗೆ ಗೊತ್ತಾಗುತ್ತೆ ಫಾದರ್, ಅವಳಿಗೆ ಗೊತ್ತಾಗಬೇಕಲ್ಲ,” ಅಂದಳು. “ನಾಳೆ ಬನ್ನಿ.”

ಫಾದರ್ ಮರುದಿನ ಬೆಳಗ್ಗೆ ಬಂದಾಗ ನಾನು ಅವಳ ಕಣ್ಣು ಮುಚ್ಚಿಸಿ ಆಗಿತ್ತು. ಎಪ್ಪತ್ತು ವರ್ಷ ಆ ಒಂದು ತುತ್ತಿಗಾಗಿ ನಸುಕಿನಲ್ಲಿ ಎದ್ದವಳು ಅದಿಲ್ಲದೆ ಹೋದಳು. ನಿಮಗೆ ಅದೊಂದು ಹಿಟ್ಟಿನ ಬಿಲ್ಲೆ ಇರಬಹುದು. ಅವಳಿಗೆ ಅದೇ ಎಲ್ಲ. ನಿಮ್ಮ ದೆಸೆಯಿಂದ ಹೀಗಾಯಿತು, ನಾನು ಸಾಯುವವರೆಗೂ ಇದನ್ನು ಮರೆಯಲ್ಲ. ಇನ್ನು ಮೇಲೆ ಚೀಟಿಗೀಟಿ ಕಳಿಸಬೇಡಿ.

ಇಂತಿ,
ನಿಮ್ಮ ಗೆಳತಿಯ ಮಗಳು

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಫಾದರ್ ಆ ಕಡೆ ಹೋದದ್ದೇ ಅಮ್ಮ ನನ್ನನ್ನು ನಿಮ್ಮ ಹತ್ತಿರ ಕಳಿಸಿದಳು. ಅಂಗಡಿಯವರೆಗೂ ಬಂದೆ. ನೀವು ಬಾಗಿಲಿಗೆ ಬೆನ್ನು ಹಾಕಿ ಯಾರದೋ ಅಂಗಿಯ ಕಾಲರ್ ತೀಡುತ್ತಿದ್ದಿರಿ. ನೋಡಿ ಹೊಟ್ಟೆ ಉರಿಯಿತು, ಕರೆಯಲಿಲ್ಲ. ಇವರೂ ಒಂದು ದಿನ ಒದ್ದಾಡಲಿ, ನಾಳೆ ಹೇಳಿದರಾಯಿತು ಅಂದುಕೊಂಡೆ. ಮನೆಗೆ ಹೋಗಿ, ಅವರು ಬರಲ್ಲ ಅಂದರು ಅಂತ ಅಮ್ಮನಿಗೆ ಸುಳ್ಳು ಹೇಳಿದೆ. ಹಾಗಾದರೆ ಇಷ್ಟಾದರೂ ತಲುಪಿಸು ಅಂತ ಅವಳು ನಿಮಗೆ ಒಂದು ಮಾತು ಹೇಳಿದಳು. ಅದನ್ನು ನಾನು ಯಾಕೆ ತಲುಪಿಸಲಿಲ್ಲ ಅಂತ ಓದಿದರೆ ನಿಮಗೇ ಗೊತ್ತಾಗುತ್ತೆ.

“ನನ್ನ ಮಗಳ ಬಗ್ಗೆ ನೀನು ಹೇಳಿದ್ದು ನಿಜ ಕಣೇ, ಅದಕ್ಕೇ ನಂಗೆ ಅಷ್ಟು ಕೋಪ ಬಂದಿದ್ದು.”